‘ಟೀಚರ್ ಆಗ್ತೀನಿ’ ಅಂದ ಮಗಳು

ಹಾವೇರಿ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದ ಮಗಳು ಟೀಚರ್ ಆಗ್ತೀನಿ ಅನ್ನುತ್ತಾಳೆ. ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದೆಂದರೆ ಅವಳಿಗೆ ಬಲು ಇಷ್ಟ. ನೆಂಟರು ಮಾತ್ರ, ‘ಬೇರೇನೂ ಸಿಗದವರು ಹೋಗೋ ಕೆಲಸ ಅದು’ ಅನ್ನುತ್ತಾರೆ. ಎಲ್ಲ ದೇಶದಲ್ಲೂ ಹೀಗೇನಾ ಎಂದು ಕೇಳಿದ್ದಾರೆ.

ಇಲ್ಲ ತಾಯಿ, ಎಲ್ಲ ಕಡೆ ಹೀಗಿಲ್ಲ. ಫಿನ್ಲೆಂಡನ್ನೇ ನೋಡಿ. ಅಲ್ಲಿ ಒಂದನೇ ಕ್ಲಾಸಿಗೆ ಪಾಠ ಮಾಡಲೂ ಸ್ನಾತಕೋತ್ತರ ಪದವಿ ಬೇಕು. 1970ರ ದಶಕದಲ್ಲೇ ಶಿಕ್ಷಕರ ತರಬೇತಿಯನ್ನು ವಿಶ್ವವಿದ್ಯಾಲಯಗಳಿಗೆ ವಹಿಸಿದರು. ಅರ್ಜಿ ಹಾಕಿದ ಹತ್ತು ಜನರಲ್ಲಿ ಒಬ್ಬರಿಗೆ ಸೀಟು ಸಿಕ್ಕರೆ ಹೆಚ್ಚು ಅನ್ನುವ ಕಾಲವಿತ್ತು. ಸಂಬಳ ಭಾರಿ ಏನಲ್ಲ. ಆದರೆ ಹೇಗೆ ಕಲಿಸಬೇಕು ಅನ್ನುವುದನ್ನು ಟೀಚರಿಗೇ ಬಿಟ್ಟಿದ್ದಾರೆ. ಇನ್ಸ್‌ಪೆಕ್ಟರ್ ಬಂದು ಶಾಲೆ ತಪಾಸಣೆ ಮಾಡುವ ಪದ್ಧತಿಯನ್ನು 1990ರ ದಶಕದಲ್ಲೇ ಕೈಬಿಟ್ಟರು. ನಿಮ್ಮ ಕೆಲಸ ನಿಮಗೆ ಗೊತ್ತು ಅನ್ನುವ ಆ ನಂಬಿಕೆಯೇ ಜಾಣ ಮಕ್ಕಳನ್ನು ಸೆಳೆಯಿತು ಅಂತ ನನಗನಿಸುತ್ತದೆ.

ಸಿಂಗಪುರದಲ್ಲಿ ತರಬೇತಿ ಹೊತ್ತಿನಲ್ಲೇ ಸಂಬಳ ಕೊಡುತ್ತಾರೆ. ದಕ್ಷಿಣ ಕೊರಿಯಾದಲ್ಲಿ 62 ವರ್ಷದವರೆಗೆ ಕೆಲಸ ಗಟ್ಟಿ ಅಂತ ಮುಂದಿನ ಬೆಂಚಿನ ಮಕ್ಕಳೇ ಮುಗಿಬೀಳುತ್ತಿದ್ದರು. 2023ರಲ್ಲಿ ಸೋಲ್ ನಗರದ ಯುವ ಶಿಕ್ಷಕಿಯೊಬ್ಬರು ಶಾಲೆಯಲ್ಲೇ ಪ್ರಾಣ ಕಳೆದುಕೊಂಡರು. ಪೋಷಕರ ಕಿರುಕುಳದಿಂದ ನಮ್ಮನ್ನು ಕಾಪಾಡಿ ಎಂದು ಸಾವಿರಾರು ಶಿಕ್ಷಕರು ಬೀದಿಗಿಳಿದರು. ಆಮೇಲೆ ಅಲ್ಲಿನ ಶಿಕ್ಷಕರ ತರಬೇತಿ ಸೀಟುಗಳಿಗೆ ಮೊದಲಿನ ಬೇಡಿಕೆ ಉಳಿಯಲಿಲ್ಲ. ಕೆಲಸ ಗಟ್ಟಿ ಇದ್ದರೆ ಸಾಲದು, ಮರ್ಯಾದೆಯೂ ಬೇಕು ಅಲ್ವಾ?

ಆರ್ಥಿಕ ಸಹಕಾರಕ್ಕೆಂದು ಹಲವು ದೇಶಗಳು ಕೂಡಿ ಕಟ್ಟಿಕೊಂಡ ಒಇಸಿಡಿ ಸಂಸ್ಥೆ 2018ರಲ್ಲಿ 48 ದೇಶ, ಪ್ರದೇಶಗಳ ಶಿಕ್ಷಕರನ್ನು ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಕೇಳಿತ್ತು. ಹತ್ತರಲ್ಲಿ ಒಂಬತ್ತು ಜನ, ಮಕ್ಕಳ ಬೆಳವಣಿಗೆಯಲ್ಲಿ ನಮ್ಮದೂ ಪಾಲಿರಲಿ ಅಂತ, ಅಂದರು. ನಿಮ್ಮ ಮಗಳು ಹೇಳುತ್ತಿರುವುದೂ ಅದನ್ನೇ. ಮೂವರಲ್ಲಿ ಇಬ್ಬರಿಗೆ ಇದೇ ಮೊದಲ ಆಯ್ಕೆಯಾಗಿತ್ತು.

ನೆಂಟರ ಮಾತು ನನಗೆ ಹಿಡಿಸಲಿಲ್ಲ. ಆದರೆ ನಿಮ್ಮ ಆತಂಕ ಸುಮ್ನೆ ಬಂದದ್ದಲ್ಲ. ನಮ್ಮಲ್ಲಿ ಬಿ.ಎಡ್. ಮುಗಿಸಿ, ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿ, ನೇಮಕಾತಿಗೆ ಕಾಯುತ್ತಾ ಅತಿಥಿ ಶಿಕ್ಷಕರಾಗಿ ವರ್ಷಗಟ್ಟಲೆ ದುಡಿಯುವವರು ಎಷ್ಟೋ ಜನ. ಆ ಕಾಯುವಿಕೆಯ ಬಗ್ಗೆ ಮಗಳ ಜೊತೆ ಕೂತು ಮಾತಾಡಿ. ಪಿಯುಸಿ ಆದಮೇಲೆ ನೇರವಾಗಿ ಸೇರುವ ನಾಲ್ಕು ವರ್ಷದ ಬಿ.ಎಡ್. ಕೋರ್ಸೂ ಇದೆ, ವಿಚಾರಿಸಿ. ಅಲ್ಲಿವರೆಗೆ ಓಣಿಯ ಮಕ್ಕಳ ಲೆಕ್ಕದ ಪಾಠ ನಿಲ್ಲದಿರಲಿ.