ಈ ವಾರ ಏನ್ ನೋಡಿದ್ರಿ?

ಪ್ರಶ್ನೆ: ಅಕ್ಕಾ, 'ಸು ಫ್ರಮ್ ಸೋ' ನೋಡಿದ್ರಾ? ಮನೇಲಿ ಎಲ್ರೂ ಬಿದ್ದು ಬಿದ್ದು ನಕ್ಕರು, ನಂಗೆ ಮಾತ್ರ ಕತೆ ತೀರಾ ತೆಳು ಅನ್ನಿಸ್ತು. ಇಷ್ಟು ಹೊಗಳೋ ಅಂಥದ್ದು ಏನಿದೆ?
(ಓದುಗರೊಬ್ಬರು, ಡೊಂಬಿವಲಿ)

ಉತ್ತರ: ಕತೆ ತೆಳುವೇ, ಒಪ್ಪಿದೆ. ಮರ್ಲೂರು ಅನ್ನೋ ಊರಲ್ಲಿ ಅಶೋಕ ಅನ್ನೋ ಹುಡುಗ ಹೆಣ್ಣುಮಗಳೊಬ್ಬಳ ಸ್ನಾನದ ಮನೆಗೆ ಇಣುಕಿ ಸಿಕ್ಕಿಬೀಳ್ತಾನೆ, ತಪ್ಪಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದೋರ ಥರ ಆಡ್ತಾನೆ, ಊರು ನಂಬಿಬಿಡತ್ತೆ, ಸೋಮೇಶ್ವರದ ಸುಲೋಚನಾ ಬಂದಿದಾಳೆ ಅಂತ, ಅಷ್ಟೇ. ಆದ್ರೆ ನಾನು ನೋಡಿದ್ದು ಅಶೋಕನ್ನಲ್ಲ, ಅವನ ಸುತ್ತ ನಿಂತಿರೋ ಜನಾನ. ಹೆದರೋರು, ಹೆದರಿದ್ರೂ ತೋರಿಸ್ಕೊಳ್ದೇ ಇರೋರು, ಇನ್ನೊಬ್ಬರ ಬೆನ್ನ ಹಿಂದೆ ನಿಂತು ಸಲಹೆ ಕೊಡೋರು, ಎಲ್ಲದಕ್ಕೂ ಮುಂದೆ ನಿಲ್ಲೋ ರವಿಯಣ್ಣ, ಒಬ್ಬೊಬ್ರಿಗೂ ಅವರದ್ದೇ ಒಂದು ಲೆಕ್ಕ ಇದೆ. ನಿರ್ದೇಶನ ಮಾಡಿ ಅಶೋಕನ ಪಾತ್ರಾನೂ ಮಾಡಿರೋ ಜೆ.ಪಿ. ತುಮಿನಾಡು ರಂಗಭೂಮಿಯಿಂದ ಬಂದೋರು, ಆ ರೂಢಿ ಇಲ್ಲಿ ಕಾಣತ್ತೆ. ಮಾಹಿಮ್ಮಿನ ಕರ್ನಾಟಕ ಸಂಘದಲ್ಲೋ ಮಾಟುಂಗದ ಮೈಸೂರು ಅಸೋಸಿಯೇಶನ್ನಲ್ಲೋ ನಾಟಕ ನೋಡಿದೋರಿಗೆ ಗೊತ್ತಿರತ್ತೆ, ಸ್ಟೇಜ್ ಮೇಲೆ ಮಾತಿಲ್ಲದೋನೂ ಜನರ ಕಣ್ಣಿಗೆ ಬೀಳ್ತಾನೇ ಇರ್ತಾನೆ, ಅವನು ಸುಮ್ನೆ ನಿಂತ್ರೆ ಸೀನೇ ಸತ್ತುಹೋಗತ್ತೆ. ನಂಗೆ ಬೇಜಾರಾದದ್ದು ಬೇರೆ ಕಡೆ. ಆ ಇಣುಕಿದ ವಿಷಯಾನ ಸಿನಿಮಾ ನಕ್ಕು ದಾಟಿಬಿಡತ್ತೆ, ಆ ಹುಡುಗಿಗೆ ಏನನ್ನಿಸ್ತು ಅಂತ ಯಾರೂ ಕೇಳಲ್ಲ. ಆಮೇಲೆ ಸುಲೋಚನಾಳ ಮಗಳು ಭಾನು ಬಂದಮೇಲೆ ಹೆಣ್ಣಿನ ಕಷ್ಟದ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡೋ ಸಿನಿಮಾ ಇದು, ಮೊದಲನೇ ಹುಡುಗೀನೂ ನೆನಪಿಟ್ಕೋಬೇಕಿತ್ತು.

ಪ್ರಶ್ನೆ: ಸೀರಿಯಲ್ ನೋಡೋದು ಟೈಮ್ ವೇಸ್ಟ್ ಅಂತಾಳೆ ಸೊಸೆ. ನಂಗೆ 'ಅಮೃತಧಾರೆ' ಇಷ್ಟ. ನೀನೇ ಹೇಳಮ್ಮ.
(ಹಿರಿಯ ಓದುಗರು, ಠಾಣೆ)

ಉತ್ತರ: ವೇಸ್ಟ್ ಅಲ್ಲಮ್ಮ, ಖಂಡಿತ ಅಲ್ಲ. 2023ರಲ್ಲಿ ಅದು ಶುರುವಾದಾಗ ನಾನೂ ಕೂತು ನೋಡ್ದೆ, ಮದುವೆ ವಯಸ್ಸು ದಾಟಿದೋರು ಅಂತ ಎಲ್ರ ಹತ್ರ ಅನ್ನಿಸ್ಕೊಂಡ ಗೌತಮ್, ಭೂಮಿಕಾ ಮೆಲ್ಲಗೆ ಒಬ್ರಿಗೊಬ್ರು ಹತ್ರ ಆಗೋದನ್ನ ರಾಜೇಶ್ ನಟರಂಗ, ಛಾಯಾ ಸಿಂಗ್ ಎಷ್ಟು ಹದವಾಗಿ ಮಾಡಿದಾರೆ ಅಂದ್ರೆ ಅವರಿಬ್ರೇ ಇರೋ ಸೀನ್ ಬಂದ್ರೆ ನಾನು ಫೋನ್ ಕೆಳಗಿಡ್ತಿದ್ದೆ. ನಮ್ಮ ಸೀರಿಯಲ್‌ಗಳ ತೊಂದರೆ ಇರೋದು ಉಳಿದೋರ ವಿಷಯದಲ್ಲಿ. ಯಾರೋ ಒಂದು ಮಾತಾಡ್ತಾರೆ, ಢಂ ಅಂತ ಮ್ಯೂಸಿಕ್, ಕ್ಯಾಮೆರಾ ಅತ್ತೆ ಮುಖಕ್ಕೆ, ಅಲ್ಲಿಂದ ನಾದಿನಿ ಮುಖಕ್ಕೆ, ಮಾವ, ಮೈದುನ, ಮತ್ತೆ ಅತ್ತೆ, ಅಷ್ಟೂ ಜನ ಕೆಲಸ ಬಿಟ್ಟು ನಿಂತಿರ್ತಾರೆ, ಕೈಯಲ್ಲಿರೋ ಕಾಫಿ ಲೋಟ ಬಾಯಿಗೂ ಹೋಗಲ್ಲ ಕೆಳಗೂ ಇಳಿಯಲ್ಲ. ಆ ಮನೇಲಿ ಅವರಿಗೆ ಬೇರೆ ಬದುಕೇ ಇಲ್ವಾ? 'ಪುಟ್ಟಕ್ಕನ ಮಕ್ಕಳು' ನಂಗೆ ಹಿಡಿಸಿದ್ದು ಅದಕ್ಕೇ, ಮೆಸ್ ನಡೆಸೋ ಹೆಂಗಸು ಅಂದಮೇಲೆ ಎಂಥ ದುಃಖ ಬಂದ್ರೂ ಊಟಕ್ಕೆ ಬಂದೋರಿಗೆ ಬಡಿಸಲೇಬೇಕು, ಉಮಾಶ್ರೀ ಆ ದಣಿವನ್ನ ಮೈಯಲ್ಲೇ ತೋರಿಸ್ತಾರೆ. ಸೊಸೇನ ಪಕ್ಕದಲ್ಲಿ ಕೂರಿಸ್ಕೊಂಡು ಗೌತಮ್ ಭೂಮಿಕಾ ಮದುವೆ ಆದ ಹೊಸತರ ಎಪಿಸೋಡ್‌ಗಳನ್ನ ತೋರಿಸಿ, ಬೈಯಲ್ಲ ನೋಡಿ.

ಪ್ರಶ್ನೆ: 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಎ ನೋಡಿ ಅತ್ತುಬಿಟ್ಟೆ. ಸೈಡ್ ಬಿ ನೋಡ್ಲಾ ಬೇಡ್ವಾ?
(ಮೀರಾ ರೋಡ್)

ಉತ್ತರ: ನೋಡಿ. ಮೊದಲನೇದರಷ್ಟು ಬಿಗಿ ಇಲ್ಲ, ಆದ್ರೆ ಸುರಭಿ ಪಾತ್ರ ಮಾಡಿರೋ ಚೈತ್ರಾ ಆಚಾರ್‌ಗೋಸ್ಕರ ಆದ್ರೂ ನೋಡಲೇಬೇಕು.

ಪ್ರಶ್ನೆ: ಮರಾಠಿ ಸಿನಿಮಾ ನೋಡೋ ಅಭ್ಯಾಸ ಈಗ ಶುರು ಮಾಡ್ಕೊಂಡಿದೀನಿ. ಯಾವುದರಿಂದ ಶುರು ಮಾಡ್ಲಿ?
(ಕೋಥ್ರೂಡ್, ಪುಣೆ)

ಉತ್ತರ: 'ಕೋರ್ಟ್'. ಚೈತನ್ಯ ತಮ್ಹಾಣೆ ಅವರದು, 2014ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದಿದೆ. ಮ್ಯಾನ್‌ಹೋಲ್ ಕೆಲಸಗಾರನೊಬ್ಬ ಸತ್ತಿದ್ದಕ್ಕೆ ನಿನ್ನ ಹಾಡೇ ಕಾರಣ ಅಂತ ಒಬ್ಬ ಮುದುಕ ಹಾಡುಗಾರನ ಮೇಲೆ ಕೇಸ್ ಹಾಕ್ತಾರೆ. ಸರ್ಕಾರಿ ವಕೀಲೆ ಕಾನೂನಿನ ಕಲಮುಗಳನ್ನ ಒಂದೇ ರಾಗದಲ್ಲಿ ಓದ್ತಾ ಹೋಗ್ತಾಳೆ, ನಮಗೆ ಕೋಪ ಬರ್ತಾ ಇರತ್ತೆ, ಆಗ ಸಿನಿಮಾ ಅವಳ ಜೊತೆ ಕೋರ್ಟಿಂದ ಆಚೆ ಬಂದು ಟ್ರೇನ್ ಹತ್ತತ್ತೆ, ಮಗನ್ನ ಕರ್ಕೊಂಡು ಮನೆಗೆ ಹೋಗತ್ತೆ, ಅವಳು ಅಡುಗೆ ಮಾಡಿ ಬಡಿಸ್ತಾಳೆ. ದಿನಾ ಸಂಜೆ ಲೇಡೀಸ್ ಡಬ್ಬದಲ್ಲಿ ನನ್ನ ಎದುರಿಗೆ ಕೂರೋ ಹೆಂಗಸೇ ಅವಳು. ಅವಳನ್ನ ಪೂರ್ತಿ ದ್ವೇಷ ಮಾಡೋಕೂ ಆಗಲ್ಲ, ಅವಳು ಮಾಡ್ತಿರೋದು ಸರಿ ಅನ್ನೋಕೂ ಆಗಲ್ಲ. ಗೀತಾಂಜಲಿ ಕುಲಕರ್ಣಿ ಅಭಿನಯ. ಇದು ಭಾರ ಅನ್ನಿಸಿದ್ರೆ 2023ರ 'ಬಾಯಿಪಣ್ ಭಾರೀ ದೇವಾ' ನೋಡಿ, ಆರು ಜನ ಅಕ್ಕತಂಗಿಯರು ಮಂಗಳಾಗೌರ್ ಅನ್ನೋ ಹೆಂಗಸರ ಹಾಡು-ಕುಣಿತದ ಸ್ಪರ್ಧೆಗೆ ತಯಾರಾಗೋ ಕತೆ, ಹೆಂಗಸರು ಸೀರೆ ಉಟ್ಕೊಂಡು ಗುಂಪುಗುಂಪಾಗಿ ಥಿಯೇಟರ್‌ಗೆ ಹೋಗಿದ್ರು.

ಪ್ರಶ್ನೆ: ಇಲ್ಲಿ ಕನ್ನಡ ಸಿನಿಮಾಗೆ ಇರೋದೇ ಒಂದೋ ಎರಡೋ ಶೋ, ಅದೂ ದೂರದ ಮಲ್ಟಿಪ್ಲೆಕ್ಸಲ್ಲಿ. ಓಟಿಟಿಗೆ ಬರೋವರೆಗೆ ಕಾದ್ರೆ ತಪ್ಪಾ?
(ನೆರೂಲ್, ನವಿ ಮುಂಬಯಿ)

ಉತ್ತರ: ತಪ್ಪೇನಿಲ್ಲ, ಆದ್ರೆ ಆದಷ್ಟು ಮೊದಲನೇ ವಾರವೇ ಹೋಗಿ. ಜನ ಇಲ್ಲ ಅಂದ್ರೆ ಮುಂದಿನ ಶುಕ್ರವಾರ ಆ ಒಂದು ಶೋನೂ ಇರಲ್ಲ. 'ಕಾಂತಾರ' 2022ರ ಸೆಪ್ಟೆಂಬರ್ 30ಕ್ಕೆ ಬಂದಿದ್ದು ಕನ್ನಡದಲ್ಲಿ ಮಾತ್ರ, ಹಿಂದಿಯಲ್ಲಿ ಬಂದಿದ್ದು ಅಕ್ಟೋಬರ್ 14ಕ್ಕೆ, ಆ ಎರಡು ವಾರದ ಬಾಯಿಮಾತಿನ ಬಲ ಎಷ್ಟು ಅಂತ ನಾವೆಲ್ಲ ನೋಡಿದೀವಿ.

ಪ್ರಶ್ನೆ: ಮಕ್ಕಳ ಜೊತೆ ಕೂತು ನೋಡೋ ಅಂಥದ್ದು ಒಂದು ಹೇಳಿ, ಹಳೇದಾದ್ರೂ ಪರವಾಗಿಲ್ಲ.
(ವಾಸ್ಕೋ, ಗೋವಾ)

ಉತ್ತರ: 'ಮಾಲ್ಗುಡಿ ಡೇಸ್'. ಶಂಕರ್ ನಾಗ್ ಆಗುಂಬೆಯಲ್ಲಿ ಶೂಟ್ ಮಾಡಿದ್ದು, 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂತು. ಸ್ವಾಮಿಯ ಕತೆಯಿಂದ ಶುರು ಮಾಡಿ. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ್ ಕಾರ್ನಾಡ್ ಅಪ್ಪ, ವೈಶಾಲಿ ಕಾಸರವಳ್ಳಿ ಅಮ್ಮ, ಜೊತೆಗೆ ಮಣಿ, ರಾಜಂ, ಅಜ್ಜಿ, ಸ್ಕೂಲಿನ ಮೇಷ್ಟ್ರು, ಒಬ್ರೂ ಲೆಕ್ಕ ಭರ್ತಿಗೆ ಬಂದೋರಲ್ಲ. ಹಿಂದಿಯಲ್ಲೇ ಇದೆ, ಗೋವಾದಲ್ಲಿ ಓದೋ ಮಕ್ಕಳಿಗೆ ಕಷ್ಟ ಆಗಲ್ಲ. ಟೈಟಲ್ ಬರುವಾಗ ಓಡಿಸ್ಬೇಡಿ, ಆರ್.ಕೆ. ಲಕ್ಷ್ಮಣ್ ಬಿಡಿಸಿರೋ ಚಿತ್ರಗಳಿವೆ, ಮಕ್ಕಳು ಅದನ್ನೇ ಮತ್ತೆ ಹಾಕಿ ಅಂತ ಕೇಳ್ತಾರೆ.