ಮನೇಲಿ ಹುಲಿ, ಊರಾಚೆ ಇಲಿ

ಪ್ರಶ್ನೆ: ಬೆಂಗಳೂರಿನ ಒಂದೇ ಕೋರ್ಸಿನಲ್ಲಿ, ಅಂದರೆ ಒಂದೇ ಮೈದಾನದಲ್ಲಿ, ನಾಲ್ಕು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ. ಅಲ್ಲಿ 90 ಹೊಡೆತಗಳ ಆಸುಪಾಸಿನಲ್ಲಿ ಮುಗಿಸುತ್ತೇನೆ (ಕಮ್ಮಿ ಆದಷ್ಟೂ ಒಳ್ಳೇದು). ಹೋದ ತಿಂಗಳು ಮಂಗಳೂರಲ್ಲಿ ಆಡಿದೆ, 104 ಆಯ್ತು! ಜೊತೆಗಿದ್ದವರು "ನಿನಗೆ ಬರೋದು ಗಾಲ್ಫ್ ಅಲ್ಲ, ನಿನ್ನ ಕೋರ್ಸು ಅಷ್ಟೇ" ಅಂತ ನಕ್ಕರು. ನಿಜವಾ ಸಾರ್?
– ಹೆಸರು ಬೇಡ, ಬೆಂಗಳೂರು

ಉತ್ತರ: ಅರ್ಧ ನಿಜ. ನಾಚಿಕೊಳ್ಳುವಂಥದ್ದೇನಿಲ್ಲ ಬಿಡಿ.

ಮೊದಲು ಮಂಗಳೂರಿನ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು, ಹಾಗಾಗಿ ಇಲ್ಲಿ 150 ಗಜ ಹೋಗುವ ಚೆಂಡು ಅಲ್ಲಿ ಐದಾರು ಗಜ ಮೊದಲೇ ಬೀಳುತ್ತದೆ. ಗ್ರೀನಿನ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಮುಂದೆ ಬಂಕರ್ (ಮರಳು ಗುಂಡಿ) ಇದ್ದರೆ ಮುಗೀತು. ಸ್ವಿಂಗ್ ಕೆಟ್ಟಿತು ಅಂದುಕೊಂಡು ಮುಂದಿನದಕ್ಕೆ ಇನ್ನೂ ಜೋರಾಗಿ ಬೀಸಿದ್ದೀರಿ, ಅಲ್ವಾ?

ಇನ್ನು ಗ್ರೀನು. ನಾನು ಆಡುವ ಕಡೆ ಒಂದು ಗ್ರೀನ್ ಇದೆ, ನೋಡಿದರೆ ಚೆಂಡು ಎಡಕ್ಕೆ ತಿರುಗುತ್ತದೆ ಅನಿಸುತ್ತದೆ, ಹೊಡೆದರೆ ಬಲಕ್ಕೆ. ಎರಡು ವರ್ಷ ಮೋಸಹೋದೆ. ಕೊನೆಗೆ ಕೋಲುಗಳ ಚೀಲ ಹೊರುವ ನಮ್ಮ ಕ್ಯಾಡಿ, "ಸಾರ್, ಮಳೆ ಬಂದಾಗ ನೀರು ಯಾವ ಕಡೆ ಹೋಗುತ್ತೆ ನೋಡಿದ್ದೀರಾ? ಕೆರೆ ಆ ಕಡೆ ಇದೆ" ಅಂದ. ಆಮೇಲಿಂದ ಅಲ್ಲಿ ಚೆಂಡನ್ನು ಕುಳಿಗೆ ಹಾಕಲು ಮೂರು ಪಟ್ (ಮೆಲ್ಲನೆ ಉರುಳಿಸುವ ಹೊಡೆತ) ಮಾಡಿದ್ದು ಕಮ್ಮಿ. ನನ್ನ ಪಟಿಂಗ್ ಏನೂ ಸುಧಾರಿಸಿರಲಿಲ್ಲ, ಕೆರೆ ಎಲ್ಲಿದೆ ಅಂತ ಗೊತ್ತಾಯಿತು, ಅಷ್ಟೇ.

ದೊಡ್ಡವರ ಕಥೆಯೂ ಇದೇ. ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಸ್ಪರ್ಧೆಗಳಲ್ಲಿ ಕೊನೆವರೆಗೂ ಹಣಕ್ಕಾಗಿ ಆಡದ ಅಮೆಚೂರ್ ಆಗಿಯೇ ಆಡಿದವರು. ಬ್ರಿಟನ್ನಿನ ದೊಡ್ಡ ಗಾಲ್ಫ್ ಸ್ಪರ್ಧೆ 1921ರ ಓಪನ್‌ನಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಓಲ್ಡ್ ಕೋರ್ಸು ಅವರಿಗೆ ಹೊಸದು. ಅಲ್ಲಿ ಎಷ್ಟೋ ಬಂಕರುಗಳು ಮೊದಲ ಹೊಡೆತ ಹೊಡೆಯುವ ಟೀಯಿಂದ ಕಾಣುವುದೇ ಇಲ್ಲ. ಮೂರನೇ ಸುತ್ತಿನ 11ನೇ ಹೋಲಿನಲ್ಲಿ ಬಂಕರಿಗೆ ಬಿದ್ದು, ರೋಸಿಹೋಗಿ ಆಟವನ್ನೇ ಬಿಟ್ಟರು. 1927ರಲ್ಲಿ ಅದೇ ಕೋರ್ಸಿನಲ್ಲಿ ಆರು ಹೊಡೆತಗಳ ಅಂತರದಲ್ಲಿ ಓಪನ್ ಗೆದ್ದರು, 1930ರಲ್ಲಿ ಬ್ರಿಟಿಷ್ ಅಮೆಚೂರ್ ಸ್ಪರ್ಧೆ ಗೆದ್ದದ್ದೂ ಅಲ್ಲೇ. ಅಷ್ಟರಲ್ಲಿ ಅವರ ಆಟವೂ, ಸಿಟ್ಟೂ ಸುಧಾರಿಸಿತ್ತು ನಿಜ. ಆದರೆ ಎಲ್ಲಿಗೆ ಹೊಡೆಯಬಾರದು ಅನ್ನೋದು ಗೊತ್ತಾಗಿದ್ದು ಆ ನೆಲದ ಮೇಲೆ ನಡೆದು ನಡೆದೇ.

ಆಟಗಾರನ ಮಟ್ಟ ಅಳೆಯುವ ಹ್ಯಾಂಡಿಕ್ಯಾಪ್ ಇದೆಯಲ್ಲ ಅನ್ನಬೇಡಿ. ಅದರ ಲೆಕ್ಕಕ್ಕೆ ಬಳಸುವ ಸ್ಲೋಪ್ ರೇಟಿಂಗ್, ಒಂದು ಕೋರ್ಸು ಪಳಗಿದವರಿಗಿಂತ ಮಾಮೂಲಿ ಆಟಗಾರರಿಗೆ ಎಷ್ಟು ಹೆಚ್ಚು ಕಷ್ಟ ಅಂತ ಹೇಳುತ್ತದೆ, 113 ಅಂದರೆ ಸಾಧಾರಣ. ನೀವು ಅಲ್ಲಿಗೆ ಹೊಸಬರು ಅನ್ನೋದಕ್ಕೆ ಅದರಲ್ಲಿ ಜಾಗವಿಲ್ಲ.

ಇನ್ನರ್ಧ ನಿಮ್ಮ ತಪ್ಪೇ ಇರಬಹುದು. ಪರಿಚಯದ ಕೋರ್ಸು ನಮ್ಮ ಹುಳುಕನ್ನು ಮುಚ್ಚಿಡುತ್ತದೆ. ನಮ್ಮಲ್ಲಿ ಎಡಗಡೆ ಪೂರ್ತಿ ಬಯಲು, ಹಾಗಾಗಿ ನನ್ನ ಡ್ರೈವ್ (ಟೀಯಿಂದ ಹೊಡೆಯುವ ದೂರದ ಹೊಡೆತ) ಎಡಕ್ಕೆ ಸೊಟ್ಟ ಹೋಗುತ್ತದೆ ಅಂತ ವರ್ಷಗಟ್ಟಲೆ ಗೊತ್ತೇ ಆಗಲಿಲ್ಲ. ಬೇರೆ ಊರಲ್ಲಿ ಎಡಕ್ಕೆ ನೀರಿತ್ತು. ಒಂದೇ ದಿನ ಆರು ಚೆಂಡು ಹೋಯ್ತು.

ಹೊಸ ಕಡೆ ಹೋದರೆ ಅಲ್ಲಿನ ಕ್ಯಾಡಿಗೆ ಸುಮ್ನೆ "ಎಷ್ಟು ಗಜ" ಅಂತ ಕೇಳಬೇಡಿ. "ಎಲ್ಲಿ ಬಿದ್ದರೆ ಕಷ್ಟ" ಅಂತ ಕೇಳಿ. ಗ್ರೀನಿಗೆ ಹೊಡೆಯುವಾಗ ಇನ್ನಷ್ಟು ದೂರ ಹೋಗುವ, ಒಂದು ನಂಬರ್ ಕಮ್ಮಿಯ ಕ್ಲಬ್ (ಕೋಲು) ತೆಗೆದುಕೊಳ್ಳಿ, ಯಾಕೆಂದರೆ ಮುಂದಿನ ಬಂಕರಿನಲ್ಲಿ ಸಿಕ್ಕಿಕೊಳ್ಳುವವರೇ ಜಾಸ್ತಿ. ಆಮೇಲೆ, ನಕ್ಕವರನ್ನು ಒಂದು ಭಾನುವಾರ ನಿಮ್ಮ ಕೋರ್ಸಿಗೆ ಕರೆಯಿರಿ. ಅವರು ಎಷ್ಟಕ್ಕೆ ಮುಗಿಸಿದರು ಅಂತ ನನಗೂ ಬರೆಯಿರಿ.