ಮಗುವಿನ ತಲೆಗೆ ಪೆಟ್ಟು: ಕೈಯಂತ್ರದ ತಪಾಸಣೆ ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮ 4 ವರ್ಷದ ಮೊಮ್ಮಗ ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಹಣೆಯ ಮೇಲೆ ಬುಗುಟು ಬಂದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಇಲ್ಲದ ಕಾರಣ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದೆವು. ಅಲ್ಲಿ ಕೆಲವು ಗಂಟೆ ನಿಗಾದಲ್ಲಿಟ್ಟು, ಸ್ಕ್ಯಾನ್ ಮಾಡದೆಯೇ ಮನೆಗೆ ಕಳುಹಿಸಿದರು. ಮಗು ಚೆನ್ನಾಗಿದ್ದಾನೆ. ಮಿದುಳಿನ ರಕ್ತಸ್ರಾವವನ್ನು ಕೂಡಲೇ ಪತ್ತೆಹಚ್ಚುವ ಕೈಯಂತ್ರ ಬಂದಿದೆಯಂತೆ. ಅದಿದ್ದರೆ ಸ್ಕ್ಯಾನ್ ಬೇಕಿಲ್ಲವೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊಮ್ಮಗ ಚೇತರಿಸಿಕೊಂಡಿರುವುದು ಸಂತೋಷದ ಸಂಗತಿ. ಸ್ಕ್ಯಾನ್ ಮಾಡದಿದ್ದುದು ನಿರ್ಲಕ್ಷ್ಯವೆಂದು ದಯವಿಟ್ಟು ಭಾವಿಸಬೇಡಿ. ಅಮೆರಿಕದಲ್ಲಿ ತಲೆಗೆ ಪೆಟ್ಟು ಬಿದ್ದ 42,412 ಮಕ್ಕಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಚ್ಚರವಾಗಿದ್ದು ಮಾತಿಗೆ ಸ್ಪಂದಿಸುತ್ತಿದ್ದ ಇಂಥ ಮಕ್ಕಳ ಪೈಕಿ ಮಿದುಳಿಗೆ ಗಂಭೀರ ಗಾಯವಾಗಿದ್ದುದು ಶೇ. 1ಕ್ಕಿಂತ ಕಡಿಮೆ ಮಕ್ಕಳಲ್ಲಿ. ಸಿ.ಟಿ. ಸ್ಕ್ಯಾನ್‌ನ ವಿಕಿರಣವು ಬೆಳೆಯುವ ದೇಹಕ್ಕೆ ಹೆಚ್ಚು ಹಾನಿಕರವಾದುದರಿಂದ, ಅಪಾಯದ ಲಕ್ಷಣಗಳಿಲ್ಲದ ಮಗುವನ್ನು ನಿಗಾದಲ್ಲಿಡುವುದೇ ಸರಿಯಾದ ಚಿಕಿತ್ಸಾಕ್ರಮ.

ನೀವು ಕೇಳಿರುವ ಯಂತ್ರ ಅವಕೆಂಪು ಬೆಳಕಿನಿಂದ ಕೆಲಸ ಮಾಡುತ್ತದೆ. ಅದರಲ್ಲಿ ವಿಕಿರಣದ ಭಯವಿಲ್ಲ. ರಕ್ತನಾಳದಿಂದ ಹೊರಚೆಲ್ಲಿ ಒಂದೆಡೆ ನಿಂತ ರಕ್ತ ಈ ಬೆಳಕನ್ನು ಸುತ್ತಲಿನ ಮಿದುಳಿಗಿಂತ ಬಹಳ ಹೆಚ್ಚು ಹೀರಿಕೊಳ್ಳುತ್ತದೆ. ತಲೆಯ ಎಡಬಲ ಭಾಗಗಳನ್ನು ಜೋಡಿಜೋಡಿಯಾಗಿ ಅಳೆದು, ವ್ಯತ್ಯಾಸ ಕಂಡರೆ ಯಂತ್ರ ಎಚ್ಚರಿಸುತ್ತದೆ. ಅಮೆರಿಕದ ಇನ್‌ಫ್ರಾಸ್ಕ್ಯಾನರ್ ಈ ಬಗೆಯದು. ನಮ್ಮಲ್ಲಿಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ, ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭೋಪಾಲದ ಏಮ್ಸ್ ಸಹಯೋಗದಲ್ಲಿ ‘ಸೆರೆಬೋ’ ಎಂಬ ಸಾಧನ ರೂಪುಗೊಂಡಿದೆ.

ಆದರೆ ಇದರ ಮಿತಿಗಳನ್ನು ತಿಳಿಯದೆ ಬಳಸುವುದು ಅಪಾಯಕಾರಿ. ಇನ್‌ಫ್ರಾಸ್ಕ್ಯಾನರ್ ಗುರುತಿಸುವುದು ಮಿದುಳಿನ ಮೇಲ್ಮೈಯಿಂದ ಸುಮಾರು 2.5 ಸೆಂ.ಮೀ. ಆಳದೊಳಗಿರುವ, 3.5 ಮಿ.ಲೀ.ಗಿಂತ ಹೆಚ್ಚಿನ ರಕ್ತಸ್ರಾವವನ್ನು ಮಾತ್ರ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಮಿತಿಯೊಳಗಿನ ರಕ್ತಸ್ರಾವಗಳಲ್ಲಿಯೂ ಅದು ಪತ್ತೆಹಚ್ಚಿದ್ದು ಶೇ. 88ರಷ್ಟನ್ನು. ಆಳದ ಸ್ರಾವವೂ, ಎರಡೂ ಬದಿಯಲ್ಲಿ ಸಮನಾಗಿ ಆದ ಸ್ರಾವವೂ ಅದರ ಕಣ್ಣು ತಪ್ಪಬಹುದು. ನಿಮ್ಮ ಮೊಮ್ಮಗನಿಗೆ ಬಂದಂಥ ಬುಗುಟಿನಲ್ಲಿ ಚರ್ಮದಡಿ ನಿಂತ ರಕ್ತವೇ ಸುಳ್ಳು ಎಚ್ಚರಿಕೆ ಕೊಡಿಸಲೂಬಹುದು. ಆದ್ದರಿಂದ ಯಂತ್ರ ಎಚ್ಚರಿಸಿದರೆ ಸ್ಕ್ಯಾನ್ ಮತ್ತು ನರಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ತಡಮಾಡದೆ ಸಾಗಿಸಬೇಕು. ಎಚ್ಚರಿಸದಿದ್ದರೆ ಅದನ್ನೇ ನಂಬಿ ಮಗುವನ್ನು ಮನೆಗೆ ಕಳುಹಿಸಬಾರದು. ಸ್ಕ್ಯಾನ್ ಇಲ್ಲದ ತಾಲ್ಲೂಕು ಆಸ್ಪತ್ರೆಗಳಲ್ಲಿ, ಯಾವ ಮಗುವನ್ನು ಮೊದಲು ಕಳುಹಿಸಬೇಕೆಂಬ ನಿರ್ಧಾರಕ್ಕೆ ಇದು ನಿಜಕ್ಕೂ ನೆರವಾಗಬಲ್ಲದು, ಮತ್ತು ಅಂಥ ಕಡೆಗಳಿಗೇ ಇದು ಮೊದಲು ತಲುಪಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಮಗು ಪದೇ ಪದೇ ವಾಂತಿ ಮಾಡಿದರೆ, ಮಂಪರಿನಲ್ಲಿದ್ದರೆ, ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ, ತಲೆನೋವು ಹೆಚ್ಚುತ್ತಿದ್ದರೆ, ಕಿವಿ-ಮೂಗಿನಿಂದ ರಕ್ತ ಅಥವಾ ನೀರು ಸೋರಿದರೆ, ಇಲ್ಲವೇ ತಾಯಿಗೆ ‘ಮಗು ಎಂದಿನಂತಿಲ್ಲ’ ಎನಿಸಿದರೆ, ಯಾವ ಯಂತ್ರಕ್ಕೂ ಕಾಯದೆ 108ಕ್ಕೆ ಕರೆ ಮಾಡಿ. ತಾಯಿಯ ಆ ಅನಿಸಿಕೆಯನ್ನು 2 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಮೇಲೆ ಹೇಳಿದ 2009ರ ಅಧ್ಯಯನವೂ ಅಪಾಯದ ಲಕ್ಷಣಗಳ ಸಾಲಿಗೆ ಸೇರಿಸಿದೆ.